ಕಂದೀಲಿನಿಂದ ಬ್ಯಾಟರಿ ಲೈಟಿನ ತನಕ: ನಮ್ಮ ಕಡಿ ಬೆಳಕಿನ ಕಥಿ

ಅಕ್ಕಾರ, ಚಿಗವ್ವಾರ, ಓಣಿ ತಂಗೇರ, ಮಳಿಗಾಲ ಹತ್ರ ಬಂತು. ಗಾಳಿ ಎದ್ದರ ಸಾಕು, ಕರೆಂಟ್ ಹೋಗ್ತೈತಿ. "ಯಾವ ಬ್ಯಾಟರಿ ಲೈಟ್ ತಗೊಳ್ಳೋಣ?" ಅಂತ ಮೂರು ನಾಕು ಮಂದಿ ಕೇಳ್ಯಾರ. ಹೇಳ್ತೀನಿ. ಆದ್ರ ಮೊದಲ ನಮ್ಮ ಕಡಿ ದೀಪದ ಇತಿಹಾಸ ಒಂದೀಟು ಕೇಳ್ರಿ. ಹಳೇ ದೀಪದಾಗ ಏನೇನು ತೊಂದರಿ ಇತ್ತು ಅನ್ನೋದು ಗೊತ್ತಿದ್ರ ಹೊಸಾದು ಆರಿಸೋದು ಸುಲಭ.

1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಾಗ, ಪೋರ್ಚುಗೀಸ್ ದೇಶದ ಡೊಮಿಂಗೊ ಪಾಯಸ್ ಹಂಪಿಗೆ ಬಂದಿದ್ದ. ಮಹಾನವಮಿ ರಾತ್ರಿ ಪಂಜು, ಬಟ್ಟಿ ಸುತ್ತಿದ ದೀವಟಿಗಿ ಹಚ್ಚಿ ಬಯಲೆಲ್ಲಾ ಹಗಲಿನಂಗ ಮಾಡ್ತಿದ್ರು ಅಂತ ಬರದಾನ. ಅದು ಅರಮನಿ ಮುಂದಿನ ಬೆಳಕು. ನಮ್ಮಂಥೋರ ಮನ್ಯಾಗ ಗ್ವಾಡಿ ಮಾಡದಾಗ ಒಂದು ಎಣ್ಣಿ ಪಣತಿ, ಅಷ್ಟ.

ಆಮ್ಯಾಲೆ ಚಿಮಣಿ ಎಣ್ಣಿ ಬಂತು, ಅದರ ಹಿಂದ ಕಂದೀಲು ಬಂತು. ಗಾಜಿನ ಬುರುಡಿ ಇರೋದಕ್ಕ ಗಾಳಿಗೆ ಆರೂದಿಲ್ಲ, ಕೈಯಾಗ ಹಿಡಕೊಂಡು ದನದ ಕೊಟ್ಟಿಗಿಗೂ ಹೋಗಬಹುದು. ಆದ್ರ ದಿನಾ ಸಂಜಿ ಆ ಬುರುಡಿಗೆ ಬೂದಿ ಹಚ್ಚಿ ಮಸಿ ಒರಸೋರು ಯಾರು? ಮನಿ ಹೆಣಮಕ್ಕಳು. ರೇಷನ್ ಅಂಗಡಿ ಮುಂದ ಎಣ್ಣಿ ಡಬ್ಬಿ ಹಿಡಕೊಂಡು ಪಾಳಿ ನಿಂತೋರೂ ನಾವ. ಹೊಗಿ ಕುಡದೋರೂ ನಾವ. ಮದುವಿ, ಬಯಲಾಟಕ್ಕ ಪೆಟ್ರೋಮ್ಯಾಕ್ಸ್ ಬರ್ತಿತ್ತು. ಜರ್ಮನಿಯ ಮ್ಯಾಕ್ಸ್ ಗ್ರೇಟ್ಸ್ ಅನ್ನೋರ ಹೆಸರಿಂದ ಅದಕ್ಕ ಆ ಹೆಸರು. ಬೆಳಕೇನೋ ಜೋರು, ಆದ್ರ ಪಂಪು ಹೊಡೀಬೇಕು, ಮ್ಯಾಂಟಲ್ ಮುಟ್ಟಿದ್ರ ಉದರಿ ಹೋಗ್ತಿತ್ತು.

ಇನ್ನ ನಮ್ಮ ಡ್ಯಾಮಿನ ವಿಷಯ. 1945ರ ಫೆಬ್ರವರಿ 28ಕ್ಕ ಅಡಿಗಲ್ಲು ಹಾಕಿದ್ರು, 1953ರಾಗ ನೀರು ನಿಂತ್ತು. ಅದೇ ವರ್ಷ ಅಕ್ಟೋಬರ್ 1ಕ್ಕ ಹೊಸಪೇಟಿ, ಸಂಡೂರು ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕ ಸೇರಿದ್ವು. 1957ರಿಂದ ಡ್ಯಾಮಿನ ಬುಡಕ ಕರೆಂಟ್ ತಯಾರಾಗಾಕ ಹತ್ತಿತು. ಇದಕ್ಕಂತ ಸುಮಾರು 90 ಹಳ್ಳಿ ನೀರಾಗ ಮುಳುಗ್ಯಾವ. ನಾರಾಯಣದೇವರಕೆರಿ ಮಂದಿ ದೇವರು, ಮನಿ ಎಲ್ಲಾ ಬಿಟ್ಟೆದ್ದು ಮರಿಯಮ್ಮನಹಳ್ಳಿಗೆ ಬಂದ್ರು. ಸ್ವಿಚ್ ಒತ್ತಿದಾಗ ಹತ್ತೋ ಬಲ್ಬಿನ ಹಿಂದ ಆ ಮಂದಿಯ ಒಲಿನೂ ಅದಾವ, ಮರೀಬಾರದು.

ಮತ್ತ ಮಗ್ಗಲಕ್ಕ ಡ್ಯಾಮ್ ಇಟ್ಕೊಂಡು ನಮಗ ಯಾಕ ಕತ್ತಲಿ? ಅಲ್ಲಿ ಹುಟ್ಟಿದ ಕರೆಂಟ್ ನೆಟ್ಟಗ ನಮ್ಮ ಮನಿಗೆ ಬರೂದಿಲ್ಲ. ಎಲ್ಲಾ ಕಡಿ ಕರೆಂಟ್ ಕೂಡೋ ದೊಡ್ಡ ಜಾಲಕ್ಕ ಹೋಗಿ, ಸಬ್‌ಸ್ಟೇಷನ್, ಟ್ರಾನ್ಸ್‌ಫಾರ್ಮರ್ ದಾಟಿ ಓಣಿ ಕಂಬಕ್ಕ ಬರ್ತೈತಿ. ನಡುವ ಒಂದು ಟೊಂಗಿ ತಂತಿ ಮ್ಯಾಲೆ ಬಿದ್ರ ಡ್ಯಾಮ್ ತುಂಬಿದ್ರೂ ಕತ್ತಲಿನ. ಬ್ಯಾಸಿಗ್ಯಾಗ ಡ್ಯಾಮಿನ ನೀರು ಇಳೀತೈತಿ, ಅದೇ ಹೊತ್ತಿಗೆ ಫ್ಯಾನು, ಕೂಲರ್ ಎಲ್ಲಾ ತಿರಗ್ತಾವ. 2023ರಿಂದ ಗೃಹಜ್ಯೋತಿ ಬಂದು ಬಿಲ್ಲಿನ ಚಿಂತಿ ಇಳೀತು, ಗಾಳಿ-ಮಳಿ ಚಿಂತಿ ಇಳೀಲಿಲ್ಲ.

ಈಗ ಲೈಟಿಗೆ ಬರೋಣ. ಮೊದಲು ಬಂದ ಎಮರ್ಜೆನ್ಸಿ ಲೈಟಿನಾಗ ಸಣ್ಣ ಟ್ಯೂಬು, ಭಾರದ ಸೀಸದ ಬ್ಯಾಟರಿ. ಆರು ತಿಂಗಳು ಚಾರ್ಜ್ ಮಾಡದ ಅಟ್ಟದ ಮ್ಯಾಲೆ ಇಟ್ರ ಬ್ಯಾಟರಿ ಕೆಡ್ತಿತ್ತು. ಎಲ್‌ಇಡಿ ಬಂದ ಮ್ಯಾಲೆ ಆಟ ಬದಲಾತು. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೆ 2014ರಾಗ ನೊಬೆಲ್ ಬಂತು. ಅದರಿಂದನ ಬಿಳಿ ಬೆಳಕು ಸಾಧ್ಯ ಆಗಿದ್ದು.

ಅಂಗಡ್ಯಾಗ ವ್ಯಾಟ್ ಕೇಳಬ್ಯಾಡ್ರಿ, ಲ್ಯೂಮೆನ್ ಕೇಳ್ರಿ. ಮೇಣದಬತ್ತಿ ಸುಮಾರು 12 ಲ್ಯೂಮೆನ್, ಹಳೇ 40 ವ್ಯಾಟಿನ ಬಲ್ಬು ಸುಮಾರು 450. ಅಡಿಗಿಮನಿಗೆ 200ರಿಂದ 300 ಸಾಕು. ಬ್ಯಾಟರಿ ಲಿಥಿಯಂ ಇರ್ಲಿ. 3.7 ವೋಲ್ಟಿನ 4000 ಎಂಎಎಚ್ ಬ್ಯಾಟರಿಗೆ 3 ವ್ಯಾಟಿನ ಲೈಟ್ ಹಾಕಿದ್ರ ಲೆಕ್ಕಕ್ಕ 5 ತಾಸು, ಕೈಗೆ ಸಿಗೋದು 4 ತಾಸು ಅನ್ಕೊಳ್ರಿ. ಡಬ್ಬಿ ಮ್ಯಾಲೆ "20 ತಾಸು" ಅಂತ ಇದ್ರ ಅದು ಬರೇ ಮಂದ ಬೆಳಕಿನ ಮಾತು. ಫೋನಿನ ಚಾರ್ಜರಿನಿಂದನ ಚಾರ್ಜ್ ಆಗೋದು ಆರಿಸ್ರಿ, ಬ್ಯಾರೆ ವೈರ್ ಹುಡುಕೋ ಕೆಲಸ ತಪ್ತೈತಿ.

ಊರು ನೋಡಿನೂ ಆರಿಸಬೇಕು. ಕಂಪ್ಲಿ ಕಡಿ ರಾತ್ರಿ ಭತ್ತದ ಗದ್ದಿಗೆ ನೀರು ತಿರುವಾಕ ಹೋಗೋರಿಗೆ ಹಾವು, ಚೇಳಿನ ಭಯ. ಅವರಿಗೆ ದೂರ ಬೀಳೋ ಬೆಳಕು, ನೀರು ಸಿಡಿದ್ರೂ ಕೆಡದ್ದು ಬೇಕು. ಸಂಡೂರಿನ ಗುಡ್ಡದ ಕಡಿ ಮರ ಬಿದ್ರ ಕರೆಂಟ್ ಬರಾಕ ತಡ, ಅಂಥಲ್ಲಿ ಎರಡು ಲೈಟ್ ಇರ್ಲಿ. ನಮ್ಮ ಹೊಸಪೇಟಿ ಮನಿಗಳಿಗೆ ಮ್ಯಾಲೆ ಹಿಡಿ ಇರೋ, ಮಳಿಗೆ ನೇತು ಹಾಕೋ ಲೈಟ್ ಚಲೋ. ನಮ್ಮತ್ತಿಗೆ 80 ದಾಟೇತಿ, ರಾತ್ರಿ ಬಚ್ಚಲಕ್ಕ ಹೋಗೋ ಹಾದ್ಯಾಗ ಅದನ್ನ ನೇತು ಹಾಕೀನಿ. ಈ ವಯಸ್ಸಿನಾಗ ಒಮ್ಮೆ ಬಿದ್ದು ಸೊಂಟ ಮುರದ್ರ ಏಳೋದು ಕಷ್ಟ. ಲೈಟಿನ ರೊಕ್ಕ ಅದರ ಮುಂದ ಏನೂ ಅಲ್ಲ.

ಎರಡು ತಿಂಗಳಿಗೊಮ್ಮೆ, ಅಮಾಸಿ ದಿನ ಅಂತ ನೆಪ್ಪಿಟ್ಕೊಂಡು, ಚಾರ್ಜ್ ಮಾಡ್ರಿ. ಶೆಲ್ ಹಾಕೋ ಲೈಟ್ ಆದ್ರ ಸುಮ್ನ ಇಡುವಾಗ ಶೆಲ್ ತಗದಿಡ್ರಿ, ಇಲ್ಲಾಂದ್ರ ಸೋರಿ ತಂತಿ ತಿಂತಾವ. ಬ್ಯಾಟರಿ ಉಬ್ಬಿದ್ರ ಚಾರ್ಜಿಗೆ ಹಾಕಬ್ಯಾಡ್ರಿ, ಕಸದಾಗ ಸುಡಬ್ಯಾಡ್ರಿ. ಗ್ಯಾಸ್ ಸಿಲಿಂಡರ್ ಮಗ್ಗಲಕ್ಕ ಚಿಮಣಿ, ಮೇಣದಬತ್ತಿ ಹಚ್ಚೋದು ಇನ್ನಾದ್ರೂ ಬಿಡ್ರಿ. ಲೈಟ್ ಎಲ್ಲಿ ಐತಿ ಅನ್ನೋದು ಮನಿ ಮಕ್ಕಳಿಗೂ, ಗಂಡಸರಿಗೂ ಗೊತ್ತಿರ್ಲಿ; ಕತ್ತಲ್ಯಾಗ ಹುಡುಕೋ ಕೆಲಸ ನಮ್ಮೊಬ್ಬರದ ಅಲ್ಲ.