ಬಿನೆಟ್‌ಡಿ ಪ್ರಕರಣ: ‘ಐ ಅಗ್ರೀ’ ಒತ್ತಿದ್ದಕ್ಕೆ ಹಕ್ಕೇ ಹೋಯ್ತು

ಏನಿದು? ಸ್ಟಾರ್‌ಕ್ರಾಫ್ಟ್, ಡಯಾಬ್ಲೊ ಗೇಮ್‌ಗಳನ್ನು ಆನ್‌ಲೈನ್‌ನಲ್ಲಿ ಆಡಲು ಬ್ಲಿಝಾರ್ಡ್ ಕಂಪನಿಯ ಬ್ಯಾಟಲ್.ನೆಟ್ ಸರ್ವರ್ ಬೇಕಿತ್ತು. ಅದಕ್ಕೆ ಪರ್ಯಾಯವಾಗಿ ಅಭಿಮಾನಿಗಳು 1998ರಿಂದ ಬರೆದ ಫ್ರೀ ಸಾಫ್ಟ್‌ವೇರ್ ಬಿನೆಟ್‌ಡಿ. ಸರ್ವರ್‌ನ ಕೋಡ್ ಅವರ ಕೈಲಿರಲಿಲ್ಲ. ರಿವರ್ಸ್ ಎಂಜಿನಿಯರಿಂಗ್ ಮಾಡಿಯೇ ಕಟ್ಟಿದರು. ಯಾರಿಂದಲೂ ದುಡ್ಡು ಕೇಳಲಿಲ್ಲ.

ತಕರಾರು ಏನು? 2002ರ ಫೆಬ್ರವರಿಯಲ್ಲಿ ಬ್ಲಿಝಾರ್ಡ್ ನೋಟಿಸ್ ಬಂತು, ಆಮೇಲೆ ಕೇಸ್. ಬಿನೆಟ್‌ಡಿ ಸಿಡಿ ಕೀ ಪರೀಕ್ಷಿಸಲ್ಲ, ಪೈರೇಟೆಡ್ ಪ್ರತಿ ಇರೋರೂ ಆಡಬಹುದು ಅನ್ನೋದು ದೂರು. ಅದು ಸುಳ್ಳಲ್ಲ. ಆದರೆ ಯಾವ ಕೀ ಅಸಲಿ ಅನ್ನೋ ಮಾಹಿತಿ ಇದ್ದದ್ದು ಕಂಪನಿಯ ಬಳಿ ಮಾತ್ರ.

ತೀರ್ಪು: 2005ರಲ್ಲಿ ಅಮೆರಿಕದ 8ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಬ್ಲಿಝಾರ್ಡ್ ಪರ ತೀರ್ಪಿತ್ತಿತು. ‘ಐ ಅಗ್ರೀ’ ಒತ್ತಿದವರು ರಿವರ್ಸ್ ಎಂಜಿನಿಯರಿಂಗ್ ಹಕ್ಕು ಬಿಟ್ಟುಕೊಟ್ಟಂತೆ ಎಂದಿತು. ಸಾಫ್ಟ್‌ವೇರ್‌ಗಳು ಪರಸ್ಪರ ಕೆಲಸ ಮಾಡುವಂತಾಗಲಿ ಅಂತ ಡಿಎಂಸಿಎ ಕಾಯ್ದೆಯಲ್ಲೇ ಇರುವ ವಿನಾಯಿತಿಯೂ, ಪೈರಸಿಗೆ ದಾರಿಯಾಯ್ತು ಎಂಬ ಕಾರಣಕ್ಕೆ, ದಕ್ಕಲಿಲ್ಲ.

ಯಾಕೆ ಮುಖ್ಯ? ಶಾಸನ ಕೊಟ್ಟ ಹಕ್ಕನ್ನು ಯಾರೂ ಓದದ ಕರಾರು ಕಿತ್ತುಕೊಳ್ಳಬಹುದಾದರೆ, ಕಂಪನಿಯ ವಕೀಲರೇ ಶಾಸಕರಾದ ಹಾಗೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲೂ ಇಂಥ ವಿನಾಯಿತಿ ಇದೆ. ಅದನ್ನು ಒಂದು ಕ್ಲಿಕ್ ಅಳಿಸಬಹುದೇ ಅನ್ನೋ ಪ್ರಶ್ನೆ ನಮ್ಮದೂ ಹೌದು.