ನಲವತ್ತು ನಿಮಿಷದ ಪೀರಿಯಡ್, ಹನ್ನೆರಡು ಗಂಟೆಯ ಟೈಮರ್: ಬಾದಾಮಿ ಸೀಮೆಯಂಥ ಶಾಲಾ ಲ್ಯಾಬುಗಳಲ್ಲಿ ಲಿನಕ್ಸಿನ ಸ್ವಯಂ ಅಪ್‌ಡೇಟ್

ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪೀರಿಯಡ್ ಅಂದರೆ ಹೆಚ್ಚೂಕಡಿಮೆ 40 ನಿಮಿಷ. ಮಕ್ಕಳು ಬಂದು ಸ್ವಿಚ್ ಹಾಕುತ್ತಾರೆ, ಗಂಟೆ ಬಾರಿಸಿದೊಡನೆ ಶಟ್‌ಡೌನ್ ಮಾಡಿ ಹೋಗುತ್ತಾರೆ. ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ಲಿನಂಥ ಊರುಗಳ ಶಾಲೆಗಳಲ್ಲಿ ಲ್ಯಾಬಿನ ಯಂತ್ರಗಳು ಸಾಮಾನ್ಯವಾಗಿ ಹಗಲು ರಾತ್ರಿ ಓಡುವುದಿಲ್ಲ. ಲಿನಕ್ಸಿನ ಒಂದು ರೂಪವಾದ ಉಬುಂಟು ಹಾಕಿಬಿಟ್ಟರೆ ಭದ್ರತಾ ಅಪ್‌ಡೇಟ್ ತಾನಾಗಿಯೇ ಆಗುತ್ತದೆ ಎಂಬ ನಂಬಿಕೆಯಂತೂ ಎಲ್ಲೆಡೆ ಇದೆ. ಸರ್ವರಿನ ಮಟ್ಟಿಗೆ ಅದು ನಿಜ. ದಿನಕ್ಕೊಂದು ಪೀರಿಯಡ್ ಮಾತ್ರ ಎಚ್ಚರವಾಗಿರುವ ಯಂತ್ರಕ್ಕೆ ಅದೆಷ್ಟು ನಿಜ ಎಂಬುದು ಇಲ್ಲಿಯ ಪ್ರಶ್ನೆ.

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಉಬುಂಟು ಹೊಸದಲ್ಲ. 2011ರಿಂದ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಉಬುಂಟುವಿನ ಮೇಲೆಯೇ ಜಿಯೋಜೀಬ್ರಾ ಮೊದಲಾದ ತಂತ್ರಾಂಶಗಳನ್ನು ಕಲಿತರು. ಬಾಗಲಕೋಟೆ ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಇರುವುದು ಇಳಕಲ್ಲಿನಲ್ಲಿ. ಜಿಲ್ಲೆಯ ಶಿಕ್ಷಕರಿಗೆ ಇಂಥ ವಿಷಯದಲ್ಲಿ ದಾರಿ ತೋರಿಸಬೇಕಾದ ಸಂಸ್ಥೆ ಅದು.

ಈಗ ಯಂತ್ರದೊಳಗೆ ಏನು ನಡೆಯುತ್ತದೆ ನೋಡೋಣ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಈ ಕೆಲಸ ಎರಡು ಟೈಮರ್‌ಗಳ ಕೈಯಲ್ಲಿದೆ. ಮೊದಲನೆಯದು ‘ಆಪ್ಟ್-ಡೈಲಿ’: ಬೆಳಿಗ್ಗೆ 6ಕ್ಕೆ, ಸಂಜೆ 6ಕ್ಕೆ ಏಳಬೇಕು, ಹೊಸ ಪ್ಯಾಕೇಜುಗಳ ಪಟ್ಟಿ ತರಬೇಕು, ಬೇಕಾದ್ದನ್ನು ಡೌನ್‌ಲೋಡ್ ಮಾಡಬೇಕು. ಎರಡನೆಯದು ‘ಆಪ್ಟ್-ಡೈಲಿ-ಅಪ್‌ಗ್ರೇಡ್’: ಬೆಳಿಗ್ಗೆ 6ಕ್ಕೆ ಎದ್ದು, ‘ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್’ ಎಂಬ ತಂತ್ರಾಂಶದ ಮೂಲಕ ತಂದದ್ದನ್ನು ಇನ್‌ಸ್ಟಾಲ್ ಮಾಡಬೇಕು. ಜಗತ್ತಿನ ಯಂತ್ರಗಳೆಲ್ಲ ಒಂದೇ ಗಳಿಗೆಗೆ ಸರ್ವರ್ ಮೇಲೆ ಮುಗಿಬೀಳಬಾರದೆಂದು ಮೊದಲನೆಯದಕ್ಕೆ 12 ಗಂಟೆಯವರೆಗೆ, ಎರಡನೆಯದಕ್ಕೆ 60 ನಿಮಿಷದವರೆಗೆ ಯಾದೃಚ್ಛಿಕ ವಿಳಂಬ ಸೇರಿಸಿದ್ದಾರೆ. 6 ಗಂಟೆಗೆ ಯಂತ್ರ ಆಫ್ ಆಗಿದ್ದರೆ ತಪ್ಪಿದ ಕೆಲಸವನ್ನು ಮುಂದಿನ ಬೂಟ್ ಆದಮೇಲೆ ಮಾಡುವ ಏರ್ಪಾಡೂ ಇದೆ. ಆದರೆ ಆ ವಿಳಂಬ ಆಗಲೂ ಅನ್ವಯಿಸುತ್ತದೆ, ಮತ್ತು ಪ್ರತಿ ಬೂಟಿಗೂ ಹೊಸ ಚೀಟಿ ಎತ್ತಿದಂತೆ ಹೊಸ ಸಮಯ ಬರುತ್ತದೆ.

ಲೆಕ್ಕ ಸರಳ. 12 ಗಂಟೆ ಅಂದರೆ 720 ನಿಮಿಷ. 40 ನಿಮಿಷ ಮಾತ್ರ ಓಡುವ ಯಂತ್ರದಲ್ಲಿ ಆ ಚೀಟಿ ಪೀರಿಯಡ್ಡಿನೊಳಗೇ ಬೀಳುವ ಸಂಭವ 18ರಲ್ಲಿ 1. ವಾರಕ್ಕೆರಡು ಪೀರಿಯಡ್ ಇದ್ದರೆ ಸರಾಸರಿ ಒಂಬತ್ತು ವಾರಕ್ಕೊಮ್ಮೆ ಪಟ್ಟಿ ಹೊಸದಾಗುತ್ತದೆ. ಡೌನ್‌ಲೋಡ್ ಮುಗಿಯಬೇಕು, ಇನ್‌ಸ್ಟಾಲ್ ಆಗಬೇಕು ಅಂದರೆ ಇನ್ನೂ ತಡ. ಸೆಟ್ಟಿಂಗ್ಸಿನಲ್ಲಿ ಸ್ವಯಂ ಅಪ್‌ಡೇಟ್ ‘ಆನ್’ ಎಂದೇ ಇರುತ್ತದೆ!

ಇಷ್ಟು ತಡವಾದರೆ ಏನಾಗುತ್ತದೆ? 2022ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆ ‘ಪಿಕೆಎಕ್ಸೆಕ್’ ಎಂಬ ಪುಟ್ಟ ಆಜ್ಞೆಯಲ್ಲಿದ್ದ ದೋಷವೊಂದನ್ನು ಬಹಿರಂಗಪಡಿಸಿತು. 2009ರಿಂದ ಅಡಗಿ ಕೂತಿದ್ದ ಈ ‘ಪ್ವನ್‌ಕಿಟ್’ ದೋಷದಿಂದ ಯಾವುದೇ ಸಾಮಾನ್ಯ ಬಳಕೆದಾರ ಯಂತ್ರದ ಪೂರ್ಣ ಹಿಡಿತ ಕೊಡುವ ರೂಟ್ ಅಧಿಕಾರ ಪಡೆಯಬಹುದಿತ್ತು. ಇಡೀ ತರಗತಿ ಅವೇ ಯಂತ್ರಗಳನ್ನು ಹಂಚಿಕೊಳ್ಳುವ ಲ್ಯಾಬಿಗೆ ಇದಕ್ಕಿಂತ ಹತ್ತಿರದ ಅಪಾಯ ಇನ್ನೊಂದಿಲ್ಲ. ತೇಪೆ ಅದೇ ದಿನ ಬಂತು. ಅದನ್ನು ತರಬೇಕಾದ ಟೈಮರ್ ಮಾತ್ರ ಏಳಬೇಕಿತ್ತು.

ಅಪ್‌ಡೇಟೇ ಯಂತ್ರ ಕೆಡಿಸಿದ ಉದಾಹರಣೆಗಳೂ ಇವೆ, ಅವನ್ನು ಮರೆಮಾಚಬೇಕಾಗಿಲ್ಲ. 2022ರ ಆಗಸ್ಟ್ 30ರಂದು ತಾನಾಗಿ ಬಂದ, ಈ ಟೈಮರ್‌ಗಳನ್ನೂ ನಡೆಸುವ ಸಿಸ್ಟಮ್‌ಡಿ ಅಪ್‌ಡೇಟಿನಿಂದ ಮೈಕ್ರೋಸಾಫ್ಟ್ ಅಜೂರ್‌ನಲ್ಲಿದ್ದ ಉಬುಂಟು 18.04 ಯಂತ್ರಗಳು ಹೆಸರಿನಿಂದ ವಿಳಾಸ ಹುಡುಕುವ ಶಕ್ತಿ ಕಳೆದುಕೊಂಡವು. 2023ರ ಮಾರ್ಚ್ 8ರಂದು ಡೇಟಾಡಾಗ್ ಕಂಪನಿಯ ಸೇವೆಯೂ ಅಂಥದೇ ಸ್ವಯಂ ಅಪ್‌ಡೇಟಿನಿಂದ ಕುಸಿಯಿತು. ಶುರುವಾದದ್ದು ಯುಟಿಸಿ ಸಮಯ ಬೆಳಿಗ್ಗೆ 6 ದಾಟಿದ ಕೂಡಲೇ, ಟೈಮರಿನ ಅದೇ 6 ಗಂಟೆ. ಭಾರತದಲ್ಲಿ ಆಗ ಹನ್ನೊಂದೂವರೆ, ಕಚೇರಿ ತುಂಬಿರುವ ಹೊತ್ತು. ಟೈಮರ್ ನಂಬುವುದು ಯಂತ್ರದ ಸ್ವಂತ ಗಡಿಯಾರವನ್ನು. ಆದ್ದರಿಂದ ಟೈಮ್‌ಝೋನ್ ಏಷ್ಯಾ/ಕೋಲ್ಕತ್ತಾ ಎಂದಿದೆಯೋ ಯುಟಿಸಿ ಎಂದೇ ಉಳಿದಿದೆಯೋ ಎಂದು ಮೊದಲು ನೋಡಬೇಕು. ಈ ಎರಡು ಪ್ರಕರಣ ತೋರಿಸಿ ಸ್ವಯಂ ಅಪ್‌ಡೇಟನ್ನೇ ಆಫ್ ಮಾಡಿ ಎನ್ನುವ ವಾದ ಶಾಲೆಗಳಿಗೆ ಸಲ್ಲದು. ದೊಡ್ಡ ಕಂಪನಿಯಲ್ಲಿ ದೋಷಗಳ ಪಟ್ಟಿ ಓದಿ ಕೈಯಿಂದ ತೇಪೆ ಹಾಕುವ ಜನ ಇದ್ದಾರೆ. ಹಳ್ಳಿಯ ಲ್ಯಾಬಿನಲ್ಲಿ ಆ ಕೆಲಸವೂ ಬಿದ್ದರೆ ಪಾಠ ಮಾಡುವ ಶಿಕ್ಷಕರ ತಲೆಗೇ ಬೀಳುತ್ತದೆ.

ಇನ್ನು ನೆಟ್ಟು ಮತ್ತು ಕರೆಂಟು. ಶಿಕ್ಷಕರು ತಮ್ಮ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ಲ್ಯಾಬ್ ನಡೆಸಿದರೆ, ಆಂಡ್ರಾಯ್ಡ್ ಫೋನನ್ನು ಗುರುತಿಸಿದ ನೆಟ್‌ವರ್ಕ್ ಮ್ಯಾನೇಜರ್ ಆ ಸಂಪರ್ಕವನ್ನು ಡೇಟಾ ಮಿತಿಯುಳ್ಳದ್ದೆಂದು ಲೆಕ್ಕ ಹಾಕುತ್ತದೆ. ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಅಂಥ ಸಂಪರ್ಕದಲ್ಲಿ ತೆಪ್ಪಗೆ ಕೆಲಸ ಬಿಡುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದರೂ ಬಿಡುತ್ತದೆ. ಶಿಕ್ಷಕರ ಡೇಟಾ ಉಳಿಯಲೆಂದೇ ಇಟ್ಟ ಒಳ್ಳೆಯ ನಿಯಮಗಳಿವು. ಹಾಗೆ ಬಿಟ್ಟದ್ದು ಪರದೆಯ ಮೇಲೆ ಯಾರಿಗೂ ಕಾಣದಿರುವುದೇ ತೊಡಕು. ಅಪ್‌ಡೇಟಿನ ನಡುವೆ ಕರೆಂಟ್ ಹೋದರೂ ಗಾಬರಿ ಬೇಡ. ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಡಿಪಿಕೆಜಿ ಹೊಸ ಫೈಲನ್ನು ಪಕ್ಕದಲ್ಲಿ ಬರೆದಿಟ್ಟು ಆಮೇಲೆ ಹಳೆಯದರ ಜಾಗಕ್ಕೆ ತರುತ್ತದೆ. ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ‘ಡಿಪಿಕೆಜಿ --ಕಾನ್ಫಿಗರ್ -ಎ’ ಎಂಬ ಒಂದೇ ಆಜ್ಞೆಯಿಂದ ಸಾಮಾನ್ಯವಾಗಿ ಪೂರ್ಣಗೊಳಿಸಬಹುದು.

ಪರಿಹಾರಕ್ಕೆ ಹೊಸ ತಂತ್ರಾಂಶ ಬರೆಯಬೇಕಾಗಿಲ್ಲ. ಆಪ್ಟ್-ಡೈಲಿ ಟೈಮರನ್ನು ಗಡಿಯಾರದ 6 ಗಂಟೆಗೆ ಕಟ್ಟುವ ಬದಲು ಬೂಟ್ ಆದ ಐದು ನಿಮಿಷಕ್ಕೆ ಕಟ್ಟಿ, ವಿಳಂಬವನ್ನು 12 ಗಂಟೆಯಿಂದ ಎರಡು ನಿಮಿಷಕ್ಕೆ ಇಳಿಸಬಹುದು. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಆಜ್ಞೆಯಲ್ಲಿ ಕೆಲವೇ ಸಾಲಿನ ಬದಲಾವಣೆ ಅದು. ಆಗ ಎಲ್ಲ ಯಂತ್ರಗಳೂ ಒಟ್ಟಿಗೇ ಡೌನ್‌ಲೋಡಿಗೆ ಇಳಿದು ನೆಟ್ ಉಸಿರುಗಟ್ಟಬಾರದೆಂದರೆ ಲ್ಯಾಬಿನ ಒಂದು ಯಂತ್ರದಲ್ಲಿ ‘ಆಪ್ಟ್-ಕ್ಯಾಷರ್-ಎನ್‌ಜಿ’ ಹಾಕಬೇಕು. ಒಂದು ಪ್ಯಾಕೇಜ್ ಹೊರಗಿನಿಂದ ಒಮ್ಮೆ ಮಾತ್ರ ಬರುತ್ತದೆ, ಉಳಿದವು ಒಳಗಿನಿಂದಲೇ ಪಡೆಯುತ್ತವೆ. ನಡುವೆ ಯಾರಾದರೂ ಪ್ಯಾಕೇಜ್ ತಿದ್ದಿದರೆ ಎಂಬ ಭಯವಿಲ್ಲ. ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ, ಪ್ರತಿ ಪ್ಯಾಕೇಜಿನ ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು, ಆ ಪಟ್ಟಿಗೆ ತಾಳೆಯಾಗಲೇಬೇಕು. ಕೆಲಸ ನಡೆದಿದೆಯೇ ಎಂದು ತಿಳಿಯಲು ಲಾಗ್ ಫೋಲ್ಡರಿನಲ್ಲಿರುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಫೈಲಿನ ಕೊನೆಯ ದಿನಾಂಕವನ್ನೂ ಅದರ ಮುಂದಿನ ಸಾಲನ್ನೂ ನೋಡಬೇಕು. ತಿಂಗಳಿಗೊಮ್ಮೆ ಆ ದಿನಾಂಕವನ್ನು ಲ್ಯಾಬ್ ರಿಜಿಸ್ಟರಿನಲ್ಲಿ ಬರೆದಿಡುವುದು ಕಷ್ಟದ ಕೆಲಸವೇನಲ್ಲ.

ಕನ್ನಡದ ಮಕ್ಕಳು ದೊಡ್ಡ ಪ್ರಮಾಣದಲ್ಲಿ ಲಿನಕ್ಸ್ ಬಳಸುವ ಇನ್ನೊಂದು ಜಾಗ ಕೇರಳದ ಕಾಸರಗೋಡು. ಆ ರಾಜ್ಯದಲ್ಲಿ 2001ರಲ್ಲಿ ಹುಟ್ಟಿದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ, ಯಂತ್ರದಲ್ಲಿ ಕೈಟ್ ಜಿಎನ್‌ಯು/ಲಿನಕ್ಸ್ ಇದೆ. ಒಂದೇ ಸಂಸ್ಥೆ ಆವೃತ್ತಿ ಗೊತ್ತುಮಾಡಿ, ಪಠ್ಯಕ್ಕೆ ಬೇಕಾದ್ದನ್ನೆಲ್ಲ ಅದರಲ್ಲಿ ಸೇರಿಸಿ ಕೊಡುವುದು ಆ ಮಾದರಿಯ ಬಲ. ಬಾಗಲಕೋಟೆ ಜಿಲ್ಲೆಯೂ ಕಲಿಯಬೇಕಾದದ್ದು ಇಲ್ಲಿದೆ, ಏಕೆಂದರೆ ಆವೃತ್ತಿಯ ಆಯುಷ್ಯ ಸ್ವಯಂ ಅಪ್‌ಡೇಟಿನ ಕೈಯಲ್ಲಿಲ್ಲ. ಕೈಟ್ ಆಧರಿಸಿದ್ದ ಉಬುಂಟು 18.04ರ ಸಾಮಾನ್ಯ ಬೆಂಬಲ 2023ರ ಮೇ 31ಕ್ಕೆ ಮುಗಿಯಿತು. ಉಬುಂಟು 22.04ರ ಬೆಂಬಲ 2027ರ ಬೇಸಿಗೆಗೆ ಮುಗಿಯಲಿದೆ. ಆಮೇಲೆ ಟೈಮರ್ ಎಂದಿನಂತೆ ಏಳುತ್ತದೆ, ಪಟ್ಟಿ ತರುತ್ತದೆ, ಹೊಸದೇನೂ ಕಾಣದೆ ಎಲ್ಲ ಸರಿಯಿದೆ ಎಂದು ಮಲಗುತ್ತದೆ. ಒಂದು ಆವೃತ್ತಿಯಿಂದ ಮುಂದಿನದಕ್ಕೆ ದಾಟುವ ಕೆಲಸವನ್ನು ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಮಾಡುವುದೇ ಇಲ್ಲ. 22.04 ಇರುವ ಲ್ಯಾಬುಗಳು 2027ರ ಬೇಸಿಗೆ ರಜೆಗೆ ಬೀಗ ಹಾಕುವ ಮೊದಲು ಯಾವ ಯಂತ್ರ 24.04ಕ್ಕೆ ದಾಟಬಲ್ಲದು, ಯಾವುದರ ರ‍್ಯಾಮ್ ಸಾಲದು ಎಂಬ ಪಟ್ಟಿ ಸಿದ್ಧವಿರಬೇಕು. ಅದನ್ನು ಈ ಶೈಕ್ಷಣಿಕ ವರ್ಷದಲ್ಲೇ ಶುರುಮಾಡಬಹುದು.