ಹಾವಿನ ಬಣ್ಣದ ಬೆಲೆ

ಅತ್ತಿಗುಪ್ಪೆ ಮೆಟ್ರೋದಲ್ಲಿ ರೀಲ್ಸ್ ನೋಡ್ತಾ ಹಳದಿ-ಬಿಳಿ ಬಾಲ್ ಪೈಥಾನ್ ಕಂಡ್ರಾ? ಲೈಕ್ ಒತ್ತೋ ಮುಂಚೆ ಇದನ್ನ ಓದಿ.

ಆಫ್ರಿಕಾದ ಈ ಹೆಬ್ಬಾವಿನ ಸಹಜ ಬಣ್ಣ ಕಂದು-ಕಪ್ಪು. 1992ರಲ್ಲಿ ಅಮೆರಿಕದ ಬಾಬ್ ಕ್ಲಾರ್ಕ್ ಸಾಕಣೆಯಲ್ಲೇ ಆಲ್ಬಿನೋ ಮರಿ ಪಡೆದರು. ಅದು ಅಡಗಿ ಕೂರೋ ಜೀನ್: ತಾಯಿ, ತಂದೆ ಇಬ್ಬರಿಂದಲೂ ಬಂದರಷ್ಟೇ ಬಣ್ಣ ಕಾಣುತ್ತೆ. ಇಬ್ಬರಲ್ಲೂ ಅಡಗಿದ್ದರೆ ಪ್ರತಿ ಮರಿಗೂ 4ರಲ್ಲಿ 1 ಅವಕಾಶ. 1999ರ 'ಸ್ಪೈಡರ್' ಜೀನ್‌ಗೆ ಒಬ್ಬರಿಂದ ಬಂದರೂ ಸಾಕು. ಆದರೆ ಆ ಚೆಂದದ ಜೊತೆಗೇ ತಲೆ ನಡುಗೋ ನರದ ತೊಂದರೆಯೂ ಬರುತ್ತೆ.

2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದ ಲಗೇಜಿನಲ್ಲಿ ಕಸ್ಟಮ್ಸ್‌ನವರಿಗೆ 78 ಪ್ರಾಣಿ ಸಿಕ್ಕವು. ಅದರಲ್ಲಿ 55 ಬಣ್ಣಬಣ್ಣದ ಬಾಲ್ ಪೈಥಾನ್. ಜೊತೆಗಿದ್ದ 6 ಕಪುಚಿನ್ ಕೋತಿ ಸತ್ತೇ ಹೋಗಿದ್ವು.

ಕೊಳ್ಳೋರು ಇರೋವರೆಗೂ ಇಂಥ ಲಗೇಜ್ ಬರ್ತಾನೇ ಇರುತ್ತೆ. ಯಾರಾದ್ರೂ ಮಾರೋಕೆ ಬಂದ್ರೆ ಮೊದಲು ಕೇಳಿ: ಎಲ್ಲಿಂದ ಬಂತು, ಕಾಗದ ಎಲ್ಲಿ?